ಗ್ಯಾಸ್ ಹಿಡಿಯದ ಬಾಟಲಿಗಳು

ಮಾರ್ಚ್ ತಿಂಗಳ ಎರಡನೇ ಮಂಗಳವಾರ ಬೆಳುವಾಯಿಯ ಜಲಜಾಕ್ಷಿಯ ಮನೆಯಂಗಳದಲ್ಲಿ ಒಂದು ಪಿಕಪ್ ಬಂದು ನಿಂತಿತು. ಹಿಂದಿನ ವಾರ ಲಾಯಿಲದ ಕೆಫೆಗೆ ಕಳಿಸಿದ್ದ ಅರುವತ್ತು ಬಾಟಲಿ ಶುಂಠಿ ಬಿಯರಿನಲ್ಲಿ ಐವತ್ತೆರಡು ಹಾಗೆಯೇ ಹಿಂದೆ ಬಂದಿದ್ದವು. ಡ್ರೈವರ್ ಕ್ರೇಟುಗಳನ್ನು ಜಗಲಿಯಲ್ಲಿ ಇಳಿಸಿ ಹೋದ. ಕಾರಣವನ್ನು ಕೆಫೆಯ ಶ್ರೀಪ್ರಿಯಾ ಆಮೇಲೆ ಫೋನಿನಲ್ಲಿ ಹೇಳಿದಳು.

ರುಚಿಯ ಬಗ್ಗೆ ಯಾರದೂ ತಕರಾರಿಲ್ಲ, ಶುಂಠಿಯ ಖಾರವೂ ನಿಂಬೆಯ ಹುಳಿಯೂ ಸರಿಯಾಗಿಯೇ ಉಂಟು, ಆದರೆ ಗ್ಯಾಸ್ ಮಾತ್ರ ಇಲ್ಲ ಎಂದಳು. ಮುಚ್ಚಳ ತೆಗೆದರೆ ಸದ್ದಿಲ್ಲ, ಗ್ಲಾಸಿಗೆ ಹಾಕಿದರೆ ನೊರೆಯಿಲ್ಲ. ಧರ್ಮಸ್ಥಳಕ್ಕೆ ಹೊರಟಿದ್ದ ಕುಟುಂಬವೊಂದು ಕುಡಿದು ನೋಡಿ, ಇದು ತಣ್ಣಗಿನ ಕಷಾಯವಲ್ಲವೇ ಎಂದು ಕೇಳಿತಂತೆ.

"ಬೇಸಿಗೆಯ ಮೆನು ಕಾರ್ಡ್ ಇಪ್ಪತ್ತೈದಕ್ಕೆ ಪ್ರಿಂಟಿಗೆ ಹೋಗ್ತದೆ ಜಲಜಕ್ಕ," ಎಂದಳು ಶ್ರೀಪ್ರಿಯಾ. "ಅಷ್ಟರೊಳಗೆ ನೀವು ಸರಿ ಮಾಡಿ ಕೊಟ್ಟರೆ ನಾನು ಹೆಸರು ಹಾಕಿಸ್ತೇನೆ. ಇಲ್ಲದಿದ್ದರೆ ಈ ವರ್ಷಕ್ಕೆ ಬೇಡ."

ಜಲಜಾಕ್ಷಿ ಆಯಿತು ಎಂದು ಫೋನ್ ಇಟ್ಟಳು. ಇಪ್ಪತ್ತೆರಡು ವರ್ಷ ಮೂಡುಬಿದಿರೆಯ ಒಂದು ಹುಡುಗಿಯರ ಹಾಸ್ಟೆಲಿನ ಮೆಸ್ಸಿನಲ್ಲಿ ಅಡುಗೆ ಮಾಡಿದವಳು ಅವಳು. ಅವಳ ಸಾಂಬಾರನ್ನು ಯಾರೂ ಒಮ್ಮೆಯೂ ಹಿಂದೆ ಕಳಿಸಿದ್ದಿಲ್ಲ. ಕಳೆದ ವರ್ಷ ಹಾಸ್ಟೆಲಿನವರು ಅಡುಗೆಯನ್ನು ಹೊರಗಿನ ಕೇಟರಿಂಗಿನವರಿಗೆ ವಹಿಸಿದ ಮೇಲೆ ಐವತ್ತರ ಜಲಜಾಕ್ಷಿಗೆ ಮನೆಯಲ್ಲಿ ಕೂತು ಹೊತ್ತು ಹೋಗದಾಯಿತು. ಮೆಸ್ಸಿನಲ್ಲಿ ಜೊತೆಗಿದ್ದ ಸೆವ್ರಿನ್ ಬಾಯಿ ಎಂಬವರು ಕ್ರಿಸ್ಮಸ್ಸಿಗೆಂದು ಶುಂಠಿ ಬಿಯರ್ ಮಾಡುತ್ತಿದ್ದುದು ಆಗ ನೆನಪಾಯಿತು. ಜಜ್ಜಿದ ಶುಂಠಿ, ಸಕ್ಕರೆ, ನೀರು ಸೇರಿಸಿ ನಾಲ್ಕೈದು ದಿನ ಇಟ್ಟರೆ ಅದು ತಾನಾಗಿ ಹುಳಿಬಂದು ಗುಳ್ಳೆ ಏಳುತ್ತದೆ. ಅದೇ ಹೆಪ್ಪು. ಶುಂಠಿಯ ಕಷಾಯ ಕುದಿಸಿ, ಆರಿಸಿ, ನಿಂಬೆರಸ ಹಿಂಡಿ, ಈ ಹೆಪ್ಪನ್ನು ಬೆರೆಸಿ ಎರಡು ದಿನ ಭರಣಿಯಲ್ಲಿಡಬೇಕು. ಆಮೇಲೆ ಸೋಸಿ, ಬಾಟಲಿಗೆ ತುಂಬಿ, ಒಂದೊಂದು ಚಮಚ ಸಕ್ಕರೆ ಹಾಕಿ, ಮುಚ್ಚಳ ಒತ್ತಿ ಬಿಗಿದು, ಮೂರು ದಿನ ಹೊರಗಿಡಬೇಕು. ಆ ಮೂರು ದಿನಗಳಲ್ಲಿ ಹೆಪ್ಪು ಸಕ್ಕರೆಯನ್ನು ತಿಂದು ಗ್ಯಾಸ್ ಬಿಡುತ್ತದೆ. ಬಾಟಲಿ ಬಿಗಿಯಾಗಿರುವುದರಿಂದ ಗ್ಯಾಸ್ ಹೊರಗೆ ಹೋಗದೆ ಪಾನಕದೊಳಗೇ ಕರಗಿ ಉಳಿಯುತ್ತದೆ. ಇಷ್ಟೆಲ್ಲವನ್ನೂ ಸೆವ್ರಿನ್ ಬಾಯಿ ಒಲೆಯ ಪಕ್ಕ ನಿಂತು ಹೇಳಿಕೊಟ್ಟಿದ್ದರು. ಈಗ ಕೇಳೋಣವೆಂದರೆ ಅವರು ತೀರಿಕೊಂಡು ಎರಡು ವರ್ಷವಾಗಿತ್ತು.

ಮುಂದಿನ ನಾಲ್ಕು ದಿನ ಜಲಜಾಕ್ಷಿ ತನಗೆ ತಿಳಿದದ್ದನ್ನೆಲ್ಲ ಮಾಡಿದಳು. ಬಾಟಲಿಗಳನ್ನು ಬಿಸಿನೀರಿನಲ್ಲಿ ಮತ್ತೆ ತೊಳೆದಳು. ಬೇರೆ ಅಂಗಡಿಯ ಮುಚ್ಚಳ ತರಿಸಿದಳು. ಹೆಪ್ಪಿಗೆ ಹೊಸ ಶುಂಠಿ, ಸಕ್ಕರೆ ಹಾಕಿದಳು. ಆರು ಬಾಟಲಿ ಹೊಸತು ತುಂಬಿ ತೆರೆದು ನೋಡಿದರೆ ಆರೂ ಕೆರೆಯ ನೀರಿನ ಹಾಗೆ ಸುಮ್ಮನಿದ್ದವು.

ಗಂಡ ಲೋಕಯ್ಯ ಇದನ್ನೆಲ್ಲ ನೋಡುತ್ತಲೇ ಇದ್ದ. ಬೆಳುವಾಯಿ ಪೇಟೆಯಲ್ಲಿ ಅವನದೊಂದು ಸ್ಟೇಷನರಿ ಅಂಗಡಿ. ಶನಿವಾರ ಮಧ್ಯಾಹ್ನ ಊಟಕ್ಕೆ ಬಂದವನು ಕೈತೊಳೆಯುತ್ತ, ಅವಳ ಕಡೆ ನೋಡದೆ, "ಅಣ್ಣನನ್ನು ಒಂದು ಮಾತು ಕೇಳುವ," ಎಂದ.

ಜಲಜಾಕ್ಷಿ ಅನ್ನ ಬಡಿಸಲು ಒಳಗೆ ಹೋದಳು.

ಲೋಕಯ್ಯನ ಅಣ್ಣ ಸುಬ್ಬಯ್ಯನಿಗೆ ಬಂಟ್ವಾಳ ಪೇಟೆಯಲ್ಲಿ ಸೋಡಾ ಫ್ಯಾಕ್ಟರಿ ಇತ್ತು. ಅಣ್ಣತಮ್ಮಂದಿರಿಬ್ಬರೂ ಸೇರಿ ನಡೆಸುತ್ತಿದ್ದದ್ದು. ಮದುವೆ ಮನೆಗಳಿಗೆ, ಗೂಡಂಗಡಿಗಳಿಗೆ ಗೋಲಿಸೋಡಾ ಹೋಗುತ್ತಿದ್ದುದು ಅಲ್ಲಿಂದಲೇ. ಹನ್ನೊಂದು ವರ್ಷದ ಕೆಳಗೆ, ಒಂದು ಏಪ್ರಿಲ್ ತಿಂಗಳ ಬೆಳಗ್ಗೆ, ಗ್ಯಾಸ್ ತುಂಬುವ ಯಂತ್ರದಲ್ಲಿ ಒಂದು ಬಾಟಲಿ ಒಡೆದು ಚೂರು ಲೋಕಯ್ಯನ ಎಡಗಣ್ಣಿಗೆ ಹೊಕ್ಕಿತು. ಅವತ್ತು ಮೆಸ್ಸಿಗೆ ರಜೆಯಿದ್ದು, ಗಂಡನಿಗೆ ಬುತ್ತಿ ಕೊಡಲೆಂದು ಹೋಗಿದ್ದ ಜಲಜಾಕ್ಷಿ ಫ್ಯಾಕ್ಟರಿಯ ಬಾಗಿಲಲ್ಲೇ ಇದ್ದಳು. ಮಂಗಳೂರಿನ ಆಸ್ಪತ್ರೆಯಲ್ಲಿ ಹದಿನೆಂಟು ದಿನ ಇದ್ದರೂ ಕಣ್ಣು ಉಳಿಯಲಿಲ್ಲ. ತಿಂಗಳೊಳಗೆ ಸುಬ್ಬಯ್ಯ ಫ್ಯಾಕ್ಟರಿಗೆ ಬೀಗ ಹಾಕಿದ. ಯಾಕೆ ಎತ್ತ ಎಂದು ಯಾರಿಗೂ ಹೇಳಲಿಲ್ಲ. ಲೋಕಯ್ಯ ಅಣ್ಣನ ಮೇಲೆ ಸಿಟ್ಟು ಇಟ್ಟುಕೊಂಡವನಲ್ಲ. ಸಿದ್ಧಕಟ್ಟೆ ದಾರಿಯ ಬಸ್ಸು ಹತ್ತಿ ತಿಂಗಳಿಗೊಮ್ಮೆ ಬಂಟ್ವಾಳಕ್ಕೆ ಹೋಗಿ ಬರುತ್ತಿದ್ದ. ಜಲಜಾಕ್ಷಿ ಮಾತ್ರ ಭಾವನ ಮುಖ ನೋಡಿರಲಿಲ್ಲ. ನೆಂಟರ ಮನೆಯ ಕಾರ್ಯಕ್ರಮಗಳಲ್ಲಿ ಎದುರಾದರೆ ಅವಳು ಅಡುಗೆ ಕೋಣೆ ಸೇರಿಕೊಳ್ಳುತ್ತಿದ್ದಳು.

ಸೋಮವಾರ ಬೆಳಗ್ಗೆ ಅವಳು ಎರಡು ಬಾಟಲಿಗಳನ್ನು ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. ಬಂಟ್ವಾಳಕ್ಕೆ ಹೋಗಿ ಬರುತ್ತೇನೆ ಎಂದಳು. ಲೋಕಯ್ಯ ತಾನೂ ಬರಲೇ ಎಂದು ಕೇಳಿದ. ಬೇಡ ಎಂದಳು.

ಸುಬ್ಬಯ್ಯ ಮನೆಯ ಚಾವಡಿಯಲ್ಲಿ ಪೇಪರ್ ಓದುತ್ತಿದ್ದ. ಅರುವತ್ತಾರು ವಯಸ್ಸು, ಕೂದಲೆಲ್ಲ ಬೆಳ್ಳಗಾಗಿತ್ತು. ತಮ್ಮನ ಹೆಂಡತಿಯನ್ನು ಮೆಟ್ಟಿಲಿನಲ್ಲಿ ಕಂಡು ಎದ್ದು ನಿಂತ. ಬಾ ಎಂದ. ಬಿ.ಸಿ. ರೋಡಿನ ಬ್ಯಾಂಕಿನಲ್ಲಿ ಕೆಲಸಕ್ಕಿದ್ದ ಅವನ ಮಗಳು ಸಾತ್ವಿಕಾ ಹೊರಡುವ ಗಡಿಬಿಡಿಯಲ್ಲೂ ಬಂದು ಚಿಕ್ಕಮ್ಮನ ಕೈಹಿಡಿದು ಒಳಗೆ ಕರೆದುಕೊಂಡು ಹೋಗಿ, ಬೆಲ್ಲ ನೀರು ಕೊಟ್ಟು, ಆಮೇಲೆ ಬಸ್ಸಿಗೆ ಓಡಿದಳು.

ಜಲಜಾಕ್ಷಿ ಬಾಟಲಿಗಳನ್ನು ಮೇಜಿನ ಮೇಲಿಟ್ಟು, ಗ್ಯಾಸ್ ಹಿಡಿಯುವುದಿಲ್ಲ ಎಂದಳು. ಹನ್ನೊಂದು ವರ್ಷದ ಮೇಲೆ ಅವಳು ಅವನಿಗೆ ಹೇಳಿದ ಮೊದಲ ಮಾತು ಅದು.

ಸುಬ್ಬಯ್ಯ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಓರೆ ಮಾಡಿ ತಳ ನೋಡಿದ. ಉಗುರಿನಿಂದ ಕುತ್ತಿಗೆ ತಟ್ಟಿದ. ಮುಚ್ಚಳದ ಅಂಚಿನ ಮೇಲೆ ಹೆಬ್ಬೆರಳು ಓಡಿಸಿದ. ಆಮೇಲೆ ಒಂದೊಂದಾಗಿ ಕೇಳುತ್ತ ಹೋದ. ಬಾಟಲಿ ಎಲ್ಲಿಯದು? ಗುಜರಿ ಅಂಗಡಿಯದು, ಹಳೇ ಬಿಯರ್ ಬಾಟಲಿ. ಹೆಪ್ಪು ಎಷ್ಟು ದಿನದ್ದು? ಐದು ದಿನ. ಕಷಾಯ ಪೂರ್ತಿ ಆರಿದ ಮೇಲೆಯೇ ಬೆರೆಸುವುದಲ್ಲವಾ, ಬಿಸಿಗೆ ಹಾಕಿದರೆ ಹೆಪ್ಪು ಸಾಯುತ್ತದೆ. ಹೌದು, ಆರಿದ ಮೇಲೆಯೇ. ಬಾಟಲಿಗೆ ಸಕ್ಕರೆ ಎಷ್ಟು? ಒಂದು ಚಮಚ. ಹೊರಗೆ ಎಷ್ಟು ದಿನ ಇಡುವುದು? ಮೂರು ದಿನ.

ಕೊನೆಯ ಎರಡು ಉತ್ತರ ಹೇಳುವಾಗ ಜಲಜಾಕ್ಷಿ ಮೇಜಿನ ಕಡೆ ನೋಡುತ್ತಿದ್ದಳು.

ಹಾಗಾದರೆ ಗ್ಯಾಸ್ ಬರಬೇಕಲ್ಲ ಎಂದು ಸುಬ್ಬಯ್ಯ ತನ್ನಷ್ಟಕ್ಕೆ ಹೇಳಿಕೊಂಡ. ಒಂದೋ ಹೆಪ್ಪು ಸತ್ತಿದೆ, ಇಲ್ಲವೇ ಮುಚ್ಚಳದಲ್ಲಿ ಸೋರುತ್ತದೆ, ಕೂತು ಯೋಚನೆ ಮಾಡಿದರೆ ಗೊತ್ತಾಗುವುದಿಲ್ಲ, ನಾಳೆ ಬಂದು ನೋಡುತ್ತೇನೆ ಎಂದ. ಬರಬಹುದಲ್ಲ ಎಂದು ಮತ್ತೆ ಕೇಳಿದ. ಅವಳು ತಲೆಯಾಡಿಸಿದಳು.

ಮರುದಿನ ಸುಬ್ಬಯ್ಯ ಬೆಳುವಾಯಿಗೆ ಬಂದವನೇ ತಮ್ಮನ ಅಂಗಡಿಯಿಂದ ಎರಡು ಬಲೂನ್ ತರಿಸಿದ. ಹುಟ್ಟುಹಬ್ಬಕ್ಕೆ ಕಟ್ಟುವ ಕೆಂಪು ಬಲೂನು. ಒಂದು ಬಾಟಲಿಯ ಮುಚ್ಚಳ ತೆಗೆದು, ಒಂದು ಚಮಚ ಸಕ್ಕರೆ ಹಾಕಿ, ಬಾಯಿಗೆ ಬಲೂನ್ ತೊಡಿಸಿ ದಾರದಿಂದ ಕಟ್ಟಿ ಅಡುಗೆಮನೆಯ ಕಿಟಕಿಯಲ್ಲಿಟ್ಟ. ಹೆಪ್ಪಿಗೆ ಜೀವ ಇದ್ದರೆ ಬಲೂನ್ ಏಳುತ್ತದೆ, ಸತ್ತಿದ್ದರೆ ಇಲ್ಲ, ಅಷ್ಟೇ ಲೆಕ್ಕ ಎಂದ. ಇನ್ನೊಂದು ಬಲೂನನ್ನು ಬರೀ ನೀರು ತುಂಬಿದ ಬಾಟಲಿಗೆ ಕಟ್ಟಿ ಪಕ್ಕದಲ್ಲಿಟ್ಟ. ಬಿಸಿಲಿನ ಕಾವಿಗೇ ಉಬ್ಬಿತೋ, ಗ್ಯಾಸಿಗೆ ಉಬ್ಬಿತೋ ಎಂದು ಅನುಮಾನ ಬರಬಾರದಲ್ಲ.

ಆಮೇಲೆ ಮುಚ್ಚಳದ ಪರೀಕ್ಷೆ. ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರು ತುಂಬಿ, ಎಂಟು ಬಾಟಲಿಗಳನ್ನು ನೆಟ್ಟಗೆ ನಿಲ್ಲಿಸಿ ಪೂರ್ತಿ ಮುಳುಗಿಸಿದ. ಮುಚ್ಚಳ ಸೋರುವುದಾದರೆ ಅಂಚಿನಿಂದ ಗುಳ್ಳೆ ಬರಬೇಕು. ಜಲಜಾಕ್ಷಿ ಒಂದು ಮಣೆಯ ಮೇಲೆ, ಸುಬ್ಬಯ್ಯ ಇನ್ನೊಂದರ ಮೇಲೆ ಕೂತು ಅರ್ಧ ಗಂಟೆ ಟಬ್ಬನ್ನೇ ನೋಡಿದರು. ಒಂದು ಗುಳ್ಳೆಯೂ ಏಳಲಿಲ್ಲ. ಮುಚ್ಚಳ ಒತ್ತುವ ಕೈ ಚೆನ್ನಾಗಿದೆ ನಿನ್ನದು ಎಂದು ಅವನು ಮೆಚ್ಚಿದ. ಅವಳಿಗೆ ಖುಷಿಯಾಗಲಿಲ್ಲ. ಸೋರಿದ್ದರೆ ಒಳ್ಳೆಯದಿತ್ತು ಎಂದು ಅವಳ ಮನಸ್ಸು ಹೇಳುತ್ತಿತ್ತು.

ಊಟ ಮುಗಿಸಿ, ಮೂವರೂ ಕಾಫಿ ಕುಡಿದು ಏಳುವಷ್ಟರಲ್ಲಿ ಒಂದು ಬಲೂನ್ ಬಾಟಲಿಯ ಬಾಯಲ್ಲಿ ನೆಟ್ಟಗೆ ನಿಂತಿತ್ತು. ಸಂಜೆಗೆ ಮೂಸಂಬಿಯಷ್ಟು ದಪ್ಪವಾಯಿತು. ನೀರಿನ ಬಾಟಲಿಯದ್ದು ಪಕ್ಕದಲ್ಲಿ ಜೋತುಕೊಂಡೇ ಇತ್ತು.

ಸುಬ್ಬಯ್ಯ ಬಲೂನನ್ನು ಬೆರಳಿನಿಂದ ಮೆಲ್ಲನೆ ಒತ್ತಿ ನೋಡಿದ. "ಹೆಪ್ಪು ಜೀವಂತ ಉಂಟು. ಮುಚ್ಚಳವೂ ಸರಿ ಉಂಟು. ಜಲಜಾ, ಮೂರು ದಿನ ಹೊರಗೆ ಇಟ್ಟದ್ದು ಹೌದಾ?"

ಜಲಜಾಕ್ಷಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಲೋಕಯ್ಯ ಸುಮ್ಮನೆ ಹೊರಗೆ ನೋಡಿದ. ಅವನಿಗೆ ಮೊದಲೇ ಗೊತ್ತಿತ್ತೆಂದು ಅವಳಿಗೆ ಆ ಕ್ಷಣ ಹೊಳೆಯಿತು.

"ಇಲ್ಲ ಭಾವ," ಎಂದಳು. "ಮೂರು ಗಂಟೆ ಕೂಡ ಇಟ್ಟಿಲ್ಲ. ಮುಚ್ಚಳ ಹಾಕಿದ ಕೂಡಲೇ ಫ್ರಿಜ್ಜಿಗೆ ಇಡ್ತೇನೆ. ಸಕ್ಕರೆಯೂ ಅರ್ಧ ಚಮಚವೇ. ಬಾಟಲಿಯೊಳಗೆ ಗ್ಯಾಸ್ ಏರ್ತಾ ಉಂಟು ಅಂತ ಗೊತ್ತಿದ್ದು ಅದೇ ಮನೆಯಲ್ಲಿ ಓಡಾಡ್ಲಿಕ್ಕೆ ನನ್ನಿಂದ ಆಗುವುದಿಲ್ಲ."

ಮೊದಲ ಸಲ ಮಾಡುವಾಗಲೇ ಹಾಗಾಗಿತ್ತು ಎಂದು ಅವಳು ಹೇಳಿದಳು. ಬಾಟಲಿ ಬಿಗಿದು ಜಗಲಿಯಲ್ಲಿಟ್ಟು ಒಳಗೆ ಬಂದರೆ ಕಿವಿಯೆಲ್ಲ ಜಗಲಿಯ ಕಡೆಗೇ. ಲೋಕಯ್ಯ ಅದರ ಪಕ್ಕದಲ್ಲಿ ಚಪ್ಪಲಿ ಬಿಡಲು ಬಗ್ಗಿದ್ದನ್ನು ಕಂಡಳು. ಆವತ್ತೇ ಎಲ್ಲವನ್ನೂ ಎತ್ತಿ, ಮೆಸ್ಸಿನವರು ಮಾರಿದ್ದ ಹಳೇ ದೊಡ್ಡ ಫ್ರಿಜ್ಜಿನಲ್ಲಿಟ್ಟಳು. ತಣ್ಣಗಿನಲ್ಲಿ ಹೆಪ್ಪು ಮಲಗುತ್ತದೆ, ಗ್ಯಾಸ್ ಏರುವುದಿಲ್ಲ ಎಂಬುದು ಅವಳಿಗೆ ಗೊತ್ತಿಲ್ಲದ ವಿಷಯವಲ್ಲ. ಆದರೂ ಮುಚ್ಚಳ ಸರಿಯಿಲ್ಲ, ಹೆಪ್ಪು ಸರಿಯಿಲ್ಲ ಎಂದು ಬೇರೆ ಕಾರಣ ಹುಡುಕುತ್ತ, ತನಗೆ ತಾನೇ ಸುಳ್ಳು ಹೇಳಿಕೊಂಡು ಬಂದಿದ್ದಳು.

ಸುಬ್ಬಯ್ಯ ಬಯ್ಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಹೆದರಿಕೆ ಇರುವುದು ಒಳ್ಳೆಯದೇ, ಅದಕ್ಕೆ ಒಂದು ವ್ಯವಸ್ಥೆ ಮಾಡಬೇಕು ಅಷ್ಟೆ ಎಂದ. ಕಡೆಯ ಬಸ್ಸಿಗೆ ಬಂಟ್ವಾಳಕ್ಕೆ ಹೋದವನು ಮರುದಿನ ಹತ್ತು ಗಂಟೆಗೆ ಟೆಂಪೋ ಮಾಡಿಕೊಂಡು ಬಂದ. ಅದರಲ್ಲಿ ಫ್ಯಾಕ್ಟರಿಯ ನಾಲ್ಕು ಮರದ ಪೆಟ್ಟಿಗೆಗಳಿದ್ದವು. ಒಳಗೆ ತಗಡು, ಮೇಲೆ ಗಟ್ಟಿ ಕಬ್ಬಿಣದ ಜಾಲರಿಯ ಬಾಗಿಲು, ಅದಕ್ಕೆ ಕೊಂಡಿ. ಜೊತೆಗೆ ಗೋಣಿಚೀಲಗಳು, ಚರ್ಮದ ಕೈಗವಸು, ಸೋಡಾ ತುಂಬುವಾಗ ಹಾಕಿಕೊಳ್ಳುವ ಜಾಲರಿಯ ಮುಖವಾಡ.

ಐವತ್ತೆರಡರಲ್ಲಿ ಮಿಕ್ಕಿದ್ದ ಬಾಟಲಿಗಳನ್ನೆಲ್ಲ ಅವನು ಬೆಳಕಿಗೆ ಹಿಡಿದು ನೋಡಿದ. ತಳ ಸವೆದದ್ದು, ಗೀರು ಇದ್ದದ್ದು, ಗಾಜಿನಲ್ಲಿ ಗುಳ್ಳೆ ಕಂಡದ್ದು ಎಂದು ಏಳು ಬಾಟಲಿ ಬದಿಗಿಟ್ಟ. ನಲವತ್ತು ಉಳಿದವು. ಅವುಗಳ ಮುಚ್ಚಳ ತೆಗೆದು ಜಲಜಾಕ್ಷಿ ಮೊದಲು ಕಡಿಮೆ ಹಾಕಿದ್ದ ಅರ್ಧರ್ಧ ಚಮಚ ಸಕ್ಕರೆ ಸೇರಿಸಿದಳು. ಸುಬ್ಬಯ್ಯ ಹೊಸ ಮುಚ್ಚಳ ಒತ್ತಿದ. ಲೋಕಯ್ಯ ಅಂಗಡಿಗೆ ರಜೆ ಹಾಕಿ, ಒಂದೊಂದನ್ನೂ ಮೆಲ್ಲ ತಿರುವಿ ಪೆಟ್ಟಿಗೆಯೊಳಗೆ ಜೋಡಿಸಿದ. ಬದಿಗಿಟ್ಟ ಬಾಟಲಿಯ ಪಾನಕವನ್ನು ಒಂದು ಪ್ಲಾಸ್ಟಿಕ್ ಬಾಟಲಿಗೆ ತುಂಬಿ, ಅದಕ್ಕೂ ಸಕ್ಕರೆ ಹಾಕಿ ಬಿಗಿದು ಕಿಟಕಿಯಲ್ಲಿಟ್ಟರು. ಗಾಜಿನ ಬಾಟಲಿಯೊಳಗೆ ಏನಾಗುತ್ತಿದೆ ಎಂದು ಕಾಣುವುದಿಲ್ಲ. ಪ್ಲಾಸ್ಟಿಕ್ಕನ್ನು ಒತ್ತಿ ನೋಡಿದರೆ ತಿಳಿಯುತ್ತದೆ. ಒತ್ತಿದರೆ ಬಗ್ಗದಷ್ಟು ಗಟ್ಟಿಯಾದ ದಿನ ಎಲ್ಲವನ್ನೂ ಫ್ರಿಜ್ಜಿಗೆ ಇಡಬೇಕು ಎಂದು ಸುಬ್ಬಯ್ಯ ಎರಡೆರಡು ಸಲ ಹೇಳಿದ.

ಪೆಟ್ಟಿಗೆಗಳನ್ನು ಹಿಂದಿನ ಕೋಣೆಯಲ್ಲಿಟ್ಟು, ಕೊಂಡಿ ಹಾಕಿ, ಮೇಲೆ ಒದ್ದೆ ಗೋಣಿ ಹೊದಿಸಿದರು.

ಮೊದಲ ದಿನ ಜಲಜಾಕ್ಷಿ ಆ ಕೋಣೆಯ ಬಾಗಿಲು ತೆರೆಯಲಿಲ್ಲ. ಕಿಟಕಿಯ ಪ್ಲಾಸ್ಟಿಕ್ ಬಾಟಲಿಯನ್ನು ಮಾತ್ರ ಗಂಟೆಗೊಮ್ಮೆ ಒತ್ತಿ ನೋಡಿದಳು. ಎರಡನೇ ದಿನ ಮುಖವಾಡ ಹಾಕಿಕೊಂಡು ಹೋಗಿ ಗೋಣಿಗೆ ನೀರು ಚಿಮುಕಿಸಿ ಬಂದಳು. ಪ್ಲಾಸ್ಟಿಕ್ ಬಾಟಲಿ ರಬ್ಬರ್ ಚೆಂಡಿನಷ್ಟು ಬಿಗಿಯಾಗಿತ್ತು. ಮೂರನೇ ದಿನ, ಶನಿವಾರ, ಬೆಳಗ್ಗೆ ಅದು ಕಲ್ಲಿನ ಹಾಗೆ ಆಗಿತ್ತು. ಭಾವನಿಗೆ ಫೋನ್ ಮಾಡಿದಳು. ಮಧ್ಯಾಹ್ನ ಎರಡರೊಳಗೆ ತಲುಪುತ್ತೇನೆ, ತಾನು ಬಂದ ಮೇಲೆಯೇ ತೆಗೆಯುವ ಎಂದ ಅವನು. ಲೋಕಯ್ಯ ಅಂಗಡಿಯಲ್ಲಿದ್ದ.

ಹನ್ನೆರಡೂವರೆಗೆ ಅವಳು ತೆಂಗಿನಕಾಯಿ ತುರಿಯುತ್ತಿದ್ದಾಗ ಹಿಂದಿನ ಕೋಣೆಯಲ್ಲಿ ಢಬ್ ಎಂದಿತು.

ಹನ್ನೊಂದು ವರ್ಷದಿಂದ ಅವಳು ಹೆದರಿಕೊಂಡು ಕಾಯುತ್ತಿದ್ದ ಸದ್ದು ಅದೇ. ಓಡಿಹೋಗಿ ಗಂಡನನ್ನು ಕರೆಯಬೇಕೆಂದು ಜಗಲಿಯವರೆಗೆ ಬಂದಳು. ಬಂದವಳಿಗೆ, ಅವನು ಬಂದರೆ ಆ ಕೋಣೆಗೆ ಮೊದಲು ಹೋಗುವವನು ಅವನೇ ಎಂದು ಹೊಳೆಯಿತು. ತಿರುಗಿ ಒಳಗೆ ಬಂದು ಮುಖವಾಡ ಹಾಕಿಕೊಂಡಳು, ಕೈಗವಸು ತೊಟ್ಟಳು, ಒಂದು ಕೊಡ ತಣ್ಣೀರು ಎತ್ತಿಕೊಂಡು ಬಾಗಿಲು ತೆರೆದಳು.

ಕೋಣೆಯಲ್ಲಿ ಒಂದೇ ಒಂದು ಚೂರು ಗಾಜು ಇರಲಿಲ್ಲ. ಮೂರನೇ ಪೆಟ್ಟಿಗೆಯ ಕೆಳಗಿನಿಂದ ನೊರೆ ಹರಿದು ನೆಲದ ಮೇಲೆ ಸಣ್ಣಗೆ ಚಟಚಟ ಎನ್ನುತ್ತಿತ್ತು. ಶುಂಠಿಯ ಘಾಟು ಮೂಗಿಗೆ ಹೊಡೆಯಿತು. ಗೋಣಿ ಒಂದು ಕಡೆ ಜರುಗಿತ್ತು, ಜಾಲರಿ ಹಾಗೆಯೇ ಇತ್ತು. ಅವಳು ನಾಲ್ಕೂ ಗೋಣಿಗಳ ಮೇಲೆ ನೀರು ಸುರಿದಳು. ಇನ್ನೊಂದು ಕೊಡ ತಂದು ಸುರಿದಳು. ಹೊರಗೆ ನಿಂತು ಅರ್ಧ ಗಂಟೆ ತಣಿಯಲು ಬಿಟ್ಟಳು. ಆಮೇಲೆ ಒಂದೊಂದೇ ಬಾಟಲಿಯನ್ನು ಒದ್ದೆ ಟವೆಲಿನಲ್ಲಿ ಸುತ್ತಿ ಫ್ರಿಜ್ಜಿಗೆ ಸಾಗಿಸಿದಳು. ಮೂವತ್ತೊಂಬತ್ತು ಸಲ ಹೋಗಿ ಬಂದಳು. ಮೊದಲ ಹತ್ತು ಸಲ ಹೆದರಿ ಹೆಜ್ಜೆ ಎಣಿಸುತ್ತ ನಡೆದಳು. ಆಮೇಲೆ ಮೆಸ್ಸಿನಲ್ಲಿ ಬಿಸಿ ಗಂಜಿಯ ಪಾತ್ರೆ ಇಳಿಸುವಾಗ ಇರುತ್ತಿದ್ದ ಎಚ್ಚರ ಮಾತ್ರ ಉಳಿಯಿತು.

ಸುಬ್ಬಯ್ಯ ಬರುವಾಗ ಅವಳು ಗಾಜನ್ನು ಹಳೇ ಪೇಪರಿನಲ್ಲಿ ಕಟ್ಟುತ್ತಿದ್ದಳು. ಅವನು ಆ ಕಟ್ಟನ್ನು ಬಿಡಿಸಿ ಬಾಟಲಿಯ ತಳದ ಚೂರನ್ನು ತೆಗೆದು ನೋಡಿದ. ಕೂದಲೆಳೆಯಷ್ಟು ಹಳೇ ಬಿರುಕು ಅದರಲ್ಲಿತ್ತು. ಅವನು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟ.

"ಒಂದೊಂದನ್ನೂ ನೋಡಿದ್ದೆ ನಾನು," ಎಂದ. "ಇದು ಬೇಡ ಜಲಜಾ. ಇಲ್ಲಿಗೇ ನಿಲ್ಲಿಸುವ. ಆ ಕೆಫೆಯ ಹುಡುಗಿಗೆ ನಾನೇ ಫೋನ್ ಮಾಡಿ ಹೇಳ್ತೇನೆ."

ಅವಳು ನೀರು ತಂದುಕೊಟ್ಟಳು. ಅವನು ಕುಡಿಯದೆ ಲೋಟವನ್ನು ಹಿಡಿದುಕೊಂಡೇ ಇದ್ದ.

"ಆವತ್ತು ಯಂತ್ರದ ಜಾಲರಿ ಮುರಿದಿತ್ತು. ವೆಲ್ಡಿಂಗ್ ಮಾಡಿಸಿ ಶುರು ಮಾಡುವ ಅಂತ ಲೋಕು ಹೇಳಿದ್ದ. ಮದುವೆಯ ಆರ್ಡರ್ ಇತ್ತು, ನಾಳೆ ಮಾಡಿಸುವ ಅಂತ ಹೇಳಿದವನು ನಾನು."

ಲೋಕಯ್ಯ ಈ ಮಾತನ್ನು ಅವಳಿಗೆ ಎಂದೂ ಹೇಳಿರಲಿಲ್ಲ. ಅವಳು ಮಾತ್ರ ಅಂಥದೇನೋ ಇರಬೇಕೆಂದು ಆವತ್ತಿನಿಂದಲೂ ಅಂದುಕೊಂಡಿದ್ದಳು. ಯಾವತ್ತಾದರೂ ಅದು ಅವನ ಬಾಯಿಂದಲೇ ಬರಬೇಕು, ಬಂದ ದಿನ ತಾನು ಏನೇನು ಹೇಳಬೇಕು ಎಂದು ಎಷ್ಟೋ ಸಲ ಮನಸ್ಸಿನಲ್ಲೇ ಜೋಡಿಸಿಟ್ಟಿದ್ದಳು. ಈಗ ಹುಡುಕಿದರೆ ಅದರಲ್ಲಿ ಒಂದು ಮಾತೂ ಸಿಗಲಿಲ್ಲ. ಎದುರಿಗಿದ್ದವನು ಬಿಳಿಕೂದಲಿನ, ಹೆದರಿ ನೆಲದ ಮೇಲೆ ಕೂತ ಒಬ್ಬ ಮನುಷ್ಯ. ಆ ಹೆದರಿಕೆ ಸ್ವಲ್ಪ ಹೊತ್ತಿನ ಹಿಂದೆ ಅವಳದೇ ಆಗಿತ್ತು.

"ಇವತ್ತು ಜಾಲರಿ ಇತ್ತು ಭಾವ," ಎಂದಳು. "ನನಗೆ ಒಂದು ಗೀರು ಕೂಡ ಆಗಲಿಲ್ಲ. ನೋಡಿ."

ಅವಳು ಎರಡೂ ಕೈ ಚಾಚಿ ತೋರಿಸಿದಳು. ಸುಬ್ಬಯ್ಯ ಆ ಕೈಗಳನ್ನು ನೋಡಿದ. ಆಮೇಲೆ ಲೋಟದ ನೀರನ್ನು ಪೂರ್ತಿ ಕುಡಿದ.

ಲೋಕಯ್ಯ ಊಟಕ್ಕೆ ಬಂದಾಗ ಅಣ್ಣ ಮತ್ತು ಹೆಂಡತಿ ಹಿಂದಿನ ಕೋಣೆಯ ನೆಲ ತೊಳೆಯುತ್ತಿದ್ದರು. ನಡೆದದ್ದನ್ನೆಲ್ಲ ಅವನು ಕೇಳಿದ. ಪೊರಕೆ ತೆಗೆದುಕೊಂಡು ಉಳಿದ ನೀರನ್ನು ಹೊರಗೆ ನೂಕಿದ. ಮರುದಿನ ಬೆಳಗ್ಗೆ ಬಾಟಲಿಗಳು ಪೂರ್ತಿ ತಣ್ಣಗಾದ ಮೇಲೆ ಒಂದನ್ನು ತೆರೆದರು. ಓಪನರ್ ಹಿಡಿದವಳು ಜಲಜಾಕ್ಷಿ. ಮುಚ್ಚಳ ಟುಸ್ಸೆಂದು ಎದ್ದಿತು, ನೊರೆ ಕುತ್ತಿಗೆಯವರೆಗೆ ಏರಿ ನಿಂತು ಮೆಲ್ಲ ಇಳಿಯಿತು. ಲೋಕಯ್ಯ ಒಂದು ಗುಟುಕು ಕುಡಿದು ಮೂಗು ಉಜ್ಜಿಕೊಂಡ. ಗ್ಯಾಸ್ ಮೂಗಿಗೆ ಹೊಡೆಯಿತು ಎಂದು ನಕ್ಕು, ಲೋಟವನ್ನು ಅಣ್ಣನ ಕಡೆ ನೀಡಿದ.

ಇಪ್ಪತ್ತನಾಲ್ಕಕ್ಕೆ ಅವರಿಬ್ಬರೂ, ಜಲಜಾಕ್ಷಿ ಮತ್ತು ಸುಬ್ಬಯ್ಯ, ಐಸ್ ತುಂಬಿದ ಪೆಟ್ಟಿಗೆಯಲ್ಲಿ ಹನ್ನೆರಡು ಬಾಟಲಿ ಇಟ್ಟುಕೊಂಡು ಲಾಯಿಲಕ್ಕೆ ಹೋದರು. ಶ್ರೀಪ್ರಿಯಾ ಎರಡು ಬಾಟಲಿ ತೆರೆದಳು. ಮೊದಲನೆಯದನ್ನು ತಾನು ಕುಡಿದಳು, ಎರಡನೆಯದನ್ನು ಅಡುಗೆಮನೆಯವರಿಗೆ ಕಳಿಸಿದಳು. ಒಳಗಿನಿಂದ ಇನ್ನೊಂದು ಸಿಗುತ್ತದಾ ಎಂದು ಕೇಳಿ ಕಳಿಸಿದರು. ಅವಳು ಲ್ಯಾಪ್‌ಟಾಪ್ ತೆರೆದು ಮೆನು ಕಾರ್ಡಿನಲ್ಲಿ ಒಂದು ಸಾಲು ಸೇರಿಸಿದಳು. ವಾರಕ್ಕೆ ಎಷ್ಟು ಬಾಟಲಿ ಕೊಡಬಹುದು ಎಂದು ಕೇಳಿದಳು.

ನಲವತ್ತು, ಅದೂ ಹೊಸ ಬಾಟಲಿ ತರಿಸಿದ ಮೇಲೆ, ಗುಜರಿಯದು ಇನ್ನು ಮುಟ್ಟುವುದಿಲ್ಲ ಎಂದ ಸುಬ್ಬಯ್ಯ. ಜಲಜಾಕ್ಷಿ ಅರುವತ್ತು ಎಂದಳು. ಅರುವತ್ತಕ್ಕೆ ಪೆಟ್ಟಿಗೆ ಸಾಲದು ಎಂದು ಅವನು ತಕರಾರು ತೆಗೆದ. ಫ್ಯಾಕ್ಟರಿಯಲ್ಲಿ ಇನ್ನೂ ಎಷ್ಟು ಪೆಟ್ಟಿಗೆ ಉಂಟು ಎಂದು ಅವಳು ಕೇಳಿದಳು. ಹತ್ತಿಪ್ಪತ್ತು ಇರಬಹುದು, ಗೆದ್ದಲು ತಿಂದಿದೆಯೋ ಏನೋ, ಬೀಗ ತೆಗೆಯದೆ ಎಷ್ಟೋ ವರ್ಷವಾಯಿತು, ಇವು ನಾಲ್ಕು ಮನೆಯ ಅಟ್ಟದಲ್ಲಿದ್ದವು ಎಂದ.

"ಹಾಗಾದರೆ ಹೋಗಿ ನೋಡುವ," ಎಂದಳು ಜಲಜಾಕ್ಷಿ. "ಇಲ್ಲಿಂದ ಬಂಟ್ವಾಳಕ್ಕೆ ಈಗಲೇ ಒಂದು ಬಸ್ಸುಂಟಲ್ಲ."